ಹಿಮಾಲಯದಿಂದ ಕೊಡಗಿನ ತೋಟಕ್ಕೆ ಬರೋ ಹಾಡುಹಕ್ಕಿ ಯಾಕೆ ಕಡಿಮೆ ಆಗ್ತಿದೆ?

ಮಾತು ಶುರು ಮಾಡೋಕೆ ಮುಂಚೆ ಈ ಕೂಗು ಒಂದು ಸಲ ಕೇಳಿಬಿಡಿ.

(ಹಕ್ಕಿಯ ಕೂಗು)

ಎರಡೇ ಸ್ವರ. ಮೊದಲನೆಯದು ಕೆಳಗೆ, ಎರಡನೆಯದು ಅದಕ್ಕಿಂತ ಒಂಚೂರು ಮೇಲೆ. ಕೊಡಗಿನಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ತೋಟದೊಳಗೆ ಓಡಾಡಿದವರ ಕಿವಿಗೆ ಇದು ಬಿದ್ದೇ ಇರುತ್ತೆ. ಹಕ್ಕಿಯನ್ನ ಕಣ್ಣಾರೆ ಕಂಡವರು ಮಾತ್ರ ತೀರಾ ಕಡಿಮೆ.

ಇಂಗ್ಲಿಷಿನಲ್ಲಿ ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್ ಅಂತಾರೆ, ನಾವು ದೊಡ್ಡ ಕೊಕ್ಕಿನ ಎಲೆ ಉಲಿಯಕ್ಕಿ ಅನ್ನೋಣ. ತೂಕ ಹತ್ತು ಗ್ರಾಂ ಆಸುಪಾಸು. ಬೆನ್ನು ಎಲೆಯ ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಉದ್ದಕ್ಕೆ ಎಳೆದ ತಿಳಿಹಳದಿ ಹುಬ್ಬು. ಎತ್ತರದ ಮರದ ಎಲೆಗಳ ಮಧ್ಯೆ ಕೂತು ಹುಳ ಹೆಕ್ಕುತ್ತೆ. ಕತ್ತೆತ್ತಿ ನೋಡಿದ್ರೆ ಎಲೆ ಅಲ್ಲಾಡಿದ್ದಷ್ಟೇ ಕಾಣುತ್ತೆ. ಜೊತೆಗೆ, ಇದೇ ಬಣ್ಣದ ಗ್ರೀನಿಶ್ ವಾರ್ಬ್ಲರ್ ಅನ್ನೋ ಇನ್ನೊಂದು ವಲಸೆ ಹಕ್ಕಿಯೂ ಅದೇ ಮರದಲ್ಲಿರುತ್ತೆ. ಪಳಗಿದವರೂ ಇವೆರಡನ್ನ ಕೂಗು ಕೇಳಿಯೇ ಬೇರೆ ಮಾಡೋದು.

ಇದು ಮರಿ ಮಾಡೋದು ಹಿಮಾಲಯದ ಕಾಡುಗಳಲ್ಲಿ, ತೊರೆಗಳ ಪಕ್ಕ. ಮಳೆಗಾಲ ಮುಗಿಯುತ್ತಿದ್ದ ಹಾಗೆ ದಕ್ಷಿಣಕ್ಕೆ ಹೊರಟು ಪಶ್ಚಿಮ ಘಟ್ಟ, ಶ್ರೀಲಂಕಾ ಸೇರುತ್ತೆ. ಅಂದ್ರೆ ವರ್ಷದಲ್ಲಿ ಸುಮಾರು ಅರ್ಧದಷ್ಟು ಕಾಲ ಇದು ನಮ್ಮ ಊರಿನ ಹಕ್ಕಿ. ನಾವು ಇದನ್ನ ಅತಿಥಿ ಅಂತ ಕರೆಯೋದೇ ನನಗೆ ಸರಿ ಅನ್ಸಲ್ಲ.

2020ರಲ್ಲಿ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ಅನ್ನೋ ವರದಿ ಬಂತು. ದೇಶದ ಉದ್ದಗಲಕ್ಕೂ 15,500 ಹಕ್ಕಿ ವೀಕ್ಷಕರು ತಾವು ಕಂಡ ಹಕ್ಕಿಗಳ ಪಟ್ಟಿ ಹಾಕೋ ಇ-ಬರ್ಡ್ ಅನ್ನೋ ಜಾಲತಾಣದಲ್ಲಿ ದಾಖಲಿಸಿದ ಒಂದು ಕೋಟಿಗೂ ಹೆಚ್ಚು ಮಾಹಿತಿಯನ್ನ ಸೇರಿಸಿ 867 ಪ್ರಭೇದಗಳ ಸ್ಥಿತಿ ಹೇಗಿದೆ ಅಂತ ನೋಡಿದ್ರು. ಲೆಕ್ಕ ಹಾಕೋ ರೀತಿ ಸರಳ: ನೂರು ಪಟ್ಟಿ ಬಂದ್ರೆ ಅದರಲ್ಲಿ ಎಷ್ಟು ಪಟ್ಟಿಯಲ್ಲಿ ಈ ಹಕ್ಕಿ ಇದೆ, ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರ್ತಿದೆಯಾ, ಇಳೀತಿದೆಯಾ. ಇತ್ತೀಚಿನ ವರ್ಷಗಳಲ್ಲಿ ಅತಿ ವೇಗವಾಗಿ ಇಳಿಯುತ್ತಿರೋ ಹಕ್ಕಿಗಳು ಅಂತ ವರದಿ ಕೆಲವು ಹೆಸರು ಹೇಳ್ತು. ಬಿಳಿ ಬೆನ್ನಿನ ರಣಹದ್ದು ಅದರಲ್ಲಿತ್ತು. ಅದೇ ಸಾಲಿನಲ್ಲಿ ನಮ್ಮ ಈ ಹತ್ತು ಗ್ರಾಮಿನ ಹಕ್ಕಿಯೂ ಇತ್ತು.

ರಣಹದ್ದು ಕಣ್ಮರೆ ಆದಾಗ ಊರೂರಲ್ಲಿ ಗೊತ್ತಾಯ್ತು, ಸತ್ತ ದನ ಬಿದ್ದಲ್ಲೇ ಕೊಳೀತು. ದನಗಳಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ಅನ್ನೋ ನೋವಿನ ಔಷಧ ಕಾರಣ ಅಂತ ಪತ್ತೆಯಾಯ್ತು, ಪಶು ಚಿಕಿತ್ಸೆಯಲ್ಲಿ ಅದರ ಬಳಕೆಗೆ 2006ರಲ್ಲಿ ತಡೆ ಬಿತ್ತು. ಉಲಿಯಕ್ಕಿ ಕಡಿಮೆಯಾದ್ರೆ ಊರಿನಲ್ಲಿ ಯಾರಿಗೂ ತಿಳಿಯೋದಿಲ್ಲ. ನನಗೆ ಸಂಕಟ ಆಗೋದು ಅಲ್ಲೇ.

ಆ ವರದಿ ಇಳಿಕೆಯನ್ನ ಅಳೆದಿದೆ, ಕಾರಣವನ್ನಲ್ಲ. ಹಿಮಾಲಯದಲ್ಲಿ ಕಾಡು, ತೊರೆ, ಹವೆ ಎಲ್ಲವೂ ಬದಲಾಗ್ತಿವೆ, ಅದು ನಮ್ಮ ಕೈ ಮೀರಿದ್ದು. ಚಳಿಗಾಲದ ಮನೆ ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಅದನ್ನೇ ನೋಡೋಣ.

ಗ್ರೀನಿಶ್ ವಾರ್ಬ್ಲರ್ ಇದೆಯಲ್ಲ, ಅದರ ಚಳಿಗಾಲದ ಬದುಕನ್ನ ಪಕ್ಷಿ ವಿಜ್ಞಾನಿ ಟ್ರೆವರ್ ಪ್ರೈಸ್, ಆಮೇಲೆ ತಮಿಳುನಾಡಿನ ಕಳಕ್ಕಾಡು-ಮುಂಡಂತುರೈಯಲ್ಲಿ ಮಧುಸೂದನ್ ಕಟ್ಟಿ ಹತ್ತಿರದಿಂದ ನೋಡಿದ್ದಾರೆ. ಚಳಿಗಾಲದಲ್ಲೂ ಆ ಹಕ್ಕಿ ಒಂದಷ್ಟು ಮರಗಳನ್ನ ತನ್ನದು ಮಾಡಿಕೊಂಡು ಕಾವಲು ಕಾಯುತ್ತೆ, ಮರುವರ್ಷ ಬಂದ್ರೆ ಅದೇ ಜಾಗಕ್ಕೆ ಬರುತ್ತೆ. ನಮ್ಮ ಉಲಿಯಕ್ಕಿಯೂ ಹಾಗೇ ಅಂತಿಟ್ಕೊಳ್ಳಿ. ಇಷ್ಟು ದೂರ ಹಾರಿ ಬಂದ ಹಕ್ಕಿಗೆ ಅದೇ ನಾಲ್ಕು ಮರ ಸಿಗಲಿಲ್ಲ ಅಂದ್ರೆ? ಪಕ್ಕದ ಮರಗಳಿಗೆ ಆಗಲೇ ಬೇರೆ ಯಜಮಾನ ಇರ್ತಾನೆ.

ಹಾಗಾದ್ರೆ ಕೊಡಗಿನ ಮರಗಳ ಕಥೆ ಏನು? ಹಳೇ ತೋಟದಲ್ಲಿ ಕಾಫಿ ಗಿಡದ ಮೇಲೆ ಹಲಸು, ಅತ್ತಿ, ಬಸರಿ, ಬೀಟೆ, ಹೊನ್ನೆ, ನಂದಿ, ಮತ್ತಿ ಎಲ್ಲಾ ಇದ್ವು. ಒಂದು ಚಿಗುರಿದಾಗ ಇನ್ನೊಂದು ಹೂ ಬಿಡ್ತಿತ್ತು, ಮತ್ತೊಂದು ಹಣ್ಣು ಬಿಡ್ತಿತ್ತು, ಒಂದೊಂದಕ್ಕೂ ಅದರದ್ದೇ ಹುಳ. ಈಗ ಎಷ್ಟೋ ತೋಟಗಳಲ್ಲಿ ಸಾಲು ಸಾಲು ಸಿಲ್ವರ್ ಮರ, ಅದರ ಮೈಗೆ ಮೆಣಸಿನ ಬಳ್ಳಿ. ಆಸ್ಟ್ರೇಲಿಯಾ ಮೂಲದ ಮರ, ಬೇಗ ಬೆಳೆಯುತ್ತೆ, ನೆಟ್ಟಗೆ ಹೋಗುತ್ತೆ. ಅರೇಬಿಕಾ ಹೋಗಿ ರೋಬಸ್ಟಾ ಬಂದ ಕಡೆ ಬಿಸಿಲು ಬೇಕು ಅಂತ ಮರ ಕಪಾತು ಜೋರಾಯ್ತು. ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ರೆ ಸ್ಪ್ರಿಂಕ್ಲರ್ ಇದೆ, ನೆರಳೇ ತೇವ ಕಾಪಾಡಬೇಕು ಅನ್ನೋ ಕಾಲ ಹೋಯ್ತು.

ಇದಕ್ಕೆ ಬೆಳೆಗಾರರನ್ನ ಬೈದುಬಿಡೋದು ಸುಲಭ. ನಾನು ಬೈಯಲ್ಲ. ಕಾನೂನು ನೋಡಿ. ಸ್ವಂತ ತೋಟದ ಕಾಡುಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಕೊಡಗಿನಲ್ಲಿ ಇನ್ನೊಂದು ತೊಡಕು: ರಿಡೀಮ್ ಆಗದ, ಅಂದ್ರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದು. ಅಜ್ಜ ಉಳಿಸಿದ ಬೀಟೆ ಮರದ ಕೆಳಗಿನ ಮಣ್ಣು ನಿಮ್ಮದು, ಮರ ನಿಮ್ಮದಲ್ಲ. ಸಿಲ್ವರ್‌ಗೆ ಈ ತಲೆನೋವು ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಅದಕ್ಕೆ ವಿನಾಯಿತಿ ಇದೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ದುಡ್ಡು ಬೇಕಾದಾಗ ಕೈಗೆ ಬರೋ ಮರ ಯಾವುದು ಹೇಳಿ? ಹೊಸದಾಗಿ ನೆಡುವಾಗ ಜನ ಅದನ್ನೇ ನೆಡ್ತಾರೆ. ಕಾಡುಮರವನ್ನ ಕಾಪಾಡೋಕೆ ಅಂತ ಮಾಡಿದ ನಿಯಮವೇ ಕಾಡುಮರ ನೆಡದ ಹಾಗೆ ಮಾಡಿದೆ. ಉಳಿಸಿಕೊಂಡವನಿಗೆ ಹಕ್ಕು ಕೊಡಿ, ವರ್ಷಕ್ಕಿಷ್ಟು ಅಂತ ಪ್ರೋತ್ಸಾಹಧನ ಕೊಡಿ. ಹಕ್ಕಿ ಉಳಿಸೋ ಕೆಲಸ ಅಲ್ಲಿಂದ ಶುರುವಾಗಬೇಕು ಅಂತ ನಾನು ನಂಬ್ತೀನಿ.

ಮರ ಕಳೆದುಕೊಂಡದ್ದು ತೋಟ ಮಾತ್ರ ಅಲ್ಲ, ಕೊಡಗಿನ ದೇವರಕಾಡುಗಳದ್ದೂ ಅದೇ ಪಾಡು. 1905ರಲ್ಲಿ 15,506 ಎಕರೆ ಇದ್ದದ್ದು 1985ರ ಹೊತ್ತಿಗೆ 6,299 ಎಕರೆಗೆ ಇಳೀತು. ಹೆಸರು ಹೇಳೋಕೆ 1,214 ದೇವರಕಾಡು ಇವೆ, ಎಷ್ಟೋ ಕಡೆ ಗುಡಿಯ ಸುತ್ತ ಹತ್ತಾರು ಮರ ಅಷ್ಟೇ.

ಆದ್ರೆ ಕೈ ಚೆಲ್ಲಿ ಕೂರೋ ಹೊತ್ತು ಇದಲ್ಲ. ಚಿಕ್ಕಮಗಳೂರು, ಹಾಸನ, ಕೊಡಗಿನ 61 ತೋಟಗಳಲ್ಲಿ ಷಾರ್ಲೆಟ್ ಚಾಂಗ್, ಕೃತಿ ಕಾರಂತ್ ಮತ್ತವರ ಸಂಗಡಿಗರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟ ಆಯ್ತು. ಕಾಡನ್ನೇ ನೆಚ್ಚಿದ 79 ಜಾತಿಯ ಹಕ್ಕಿಗಳು ಆ ತೋಟಗಳಲ್ಲಿ ಸಿಕ್ವು. ಅರೇಬಿಕಾ ತೋಟ ಸ್ವಲ್ಪ ಮುಂದೆ, ಆದ್ರೆ ಮರ ಉಳಿಸಿಕೊಂಡ ರೋಬಸ್ಟಾ ತೋಟವೂ ತೀರಾ ಹಿಂದೆ ಬಿದ್ದಿರಲಿಲ್ಲ. ಅಂದ್ರೆ ರೋಬಸ್ಟಾ ಬೆಳೆದೂ ಹಕ್ಕಿ ಉಳಿಸಬಹುದು.

ಪಕ್ಕದ ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯವನ್ನ ಚೌಕ ಚೌಕ ಮಾಡಿ, ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನ ಸೇರಿಸಿ, ಮಳೆಗಾಲ, ಒಣಗಾಲ ಎರಡರಲ್ಲೂ ಹಕ್ಕಿ ಎಣಿಸಿ ಅಟ್ಲಾಸ್ ಮಾಡಿದ್ರು. ಬ್ರಹ್ಮಗಿರಿ ಬೆಟ್ಟದ ಆ ಕಡೆ ವಯನಾಡಿನಲ್ಲಿ ಆಗಿದ್ದು ಈ ಕಡೆ ಕೊಡಗಿನಲ್ಲಿ ಯಾಕಾಗಬಾರದು? ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ತೋಟ ತೋಟದಲ್ಲೂ ಮರದ ಹೆಸರು ಬಲ್ಲ ಜನ ಇದ್ದಾರೆ.

ಅಲ್ಲಿಯವರೆಗೆ ನೀವೇ ಮಾಡಬಹುದಾದ್ದು ಒಂದಿದೆ. ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಯಾವುದಾದ್ರೂ ಬೆಳಗ್ಗೆ ತೋಟದ ದೊಡ್ಡ ಮರದ ಕೆಳಗೆ ಹದಿನೈದು ನಿಮಿಷ ನಿಂತು, ಕೇಳಿಸಿದ್ದನ್ನೆಲ್ಲ ಇ-ಬರ್ಡ್‌ಗೆ ಹಾಕಿ. ಈ ಎರಡು ಸ್ವರ ಕೇಳದೇ ಇದ್ರೂ ಪಟ್ಟಿ ಕಳಿಸಿ. ಹಕ್ಕಿ ಇಲ್ಲದ ಪಟ್ಟಿಯೂ ಲೆಕ್ಕಕ್ಕೆ ಬರುತ್ತೆ. ಕೂಗಿನ ಧ್ವನಿಮುದ್ರಣ ವಿಡಿಯೋದ ಕೆಳಗೆ ಹಾಕಿದ್ದೀನಿ, ಗ್ರೀನಿಶ್ ವಾರ್ಬ್ಲರ್‌ದೂ ಪಕ್ಕದಲ್ಲೇ ಇದೆ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ.