ಕಾವಲುಗಾರನನ್ನು ಲೆಕ್ಕ ಕೇಳೋಣ

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ವಿಷಯ ಮಾತನಾಡಲು ಈ ಮೇಷ್ಟರಿಗೆ ಯಾವ ಅಧಿಕಾರವಿದೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ಎಂಜಿನಿಯರನಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು. ಆದರೆ ದುಡ್ಡು ಕೊಟ್ಟವನು ಲೆಕ್ಕ ಕೇಳುವುದಕ್ಕೆ ಎಂಜಿನಿಯರಾಗಬೇಕಾದದ್ದಿಲ್ಲ. ನಮ್ಮ ಮನೆ ಅಂಗಡಿಗಳ ಕಂಪ್ಯೂಟರಿನೊಳಗೆ ಕಾವಲಿಗೆಂದು ಬಂದು ಕೂತಿರುವ ಆಂಟಿವೈರಸ್ ಎಂಬ ತಂತ್ರಾಂಶದ ಲೆಕ್ಕವನ್ನು ಇವತ್ತು ಕೇಳೋಣ.

ಮೊದಲು ನಮ್ಮ ಕಷ್ಟ. ಪೇಟೆಯ ಕಿರಾಣಿ ವರ್ತಕರೊಬ್ಬರು ತಿಂಗಳ 20ನೆಯ ತಾರೀಖು ಜಿ.ಎಸ್.ಟಿ. ಲೆಕ್ಕ ಒಪ್ಪಿಸಲು ಕೂತರು. ಗುಂಡಿ ಒತ್ತಿ, ಅಂಗಡಿಯ ಮುಂದೆ ನೀರು ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಪರದೆ ಸಿದ್ಧವಾಗಿರಲಿಲ್ಲ. ಸಿದ್ಧವಾದ ಮೇಲೆ ಮೂಲೆಯಲ್ಲಿ ಒಂದು ಕೆಂಪು ಚೌಕ ಎದ್ದು ನಿಂತಿತು: ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಈಗಲೇ ಹಣ ಕಟ್ಟಿ! ಅದನ್ನು ಮುಚ್ಚಿದರೆ ಇನ್ನೊಂದು. ಅವರು ಹೆದರಿ ಹಣ ಕಟ್ಟಿದರು. ಕೆಂಪು ಚೌಕ ಹಸಿರಾಯಿತು. ಯಂತ್ರದ ನಿಧಾನ ಮಾತ್ರ ಹಾಗೆಯೇ ಉಳಿಯಿತು. ಗಿರಣಿಯ ಕೂಲಿಯಲ್ಲಿ ಉಳಿಸಿ ಮಗಳ ಓದಿಗೆಂದು ಹಳೆಯ ಕಂಪ್ಯೂಟರು ಕೊಂಡವರ ಮನೆಯಲ್ಲೂ ಇದೇ ಕಥೆ. "ಅಪ್ಪಾ, ಇದು ಕೆಟ್ಟುಹೋಗಿದೆ" ಎನ್ನುತ್ತಾಳೆ ಮಗಳು. ಅಪ್ಪ ಹೊಸದಕ್ಕೆ ಸಾಲ ಹುಡುಕಲು ಹೊರಡುತ್ತಾನೆ. ಎಷ್ಟೋ ವೇಳೆ ಯಂತ್ರ ಕೆಟ್ಟಿರುವುದಿಲ್ಲ, ಸ್ವಾಮಿ! ಅದರ ಬೆನ್ನ ಮೇಲೆ ಕಾವಲುಗಾರ ಕೂತಿರುತ್ತಾನೆ, ಅಷ್ಟೆ.

ಕಳ್ಳರೇ ಇಲ್ಲ ಎಂದು ನಾನು ವಾದಿಸುವುದಿಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ಎಂಬುದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಸಮುದ್ರ ದಾಟಿತು. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷ ಹಾಕಿಕೊಂಡು ಬಂದ ಇ-ಮೇಲೊಂದು ಜಗತ್ತಿನ ಕಚೇರಿಗಳನ್ನೆಲ್ಲ ಕಂಗೆಡಿಸಿತು. ಆಗಿನ ಕಾಲದಲ್ಲಿ ಆಂಟಿವೈರಸ್ ಬೇಕಾಗಿತ್ತು, ಅದಕ್ಕೆ ಹಣ ಕೊಟ್ಟದ್ದೂ ನ್ಯಾಯವೇ.

ಅದು ಮಾಡುವ ಕೆಲಸವೇನು? ಗಿರಣಿಯ ಗೇಟನ್ನು ನೆನೆಯಿರಿ. ಕಾವಲುಗಾರನ ಕೈಯಲ್ಲಿ ಕಳ್ಳರ ಗುರುತಿನ ಪಟ್ಟಿಯಿರುತ್ತದೆ. ಒಳಗೆ ಹೋಗುವವರನ್ನೆಲ್ಲ ಆ ಪಟ್ಟಿಗೆ ತಾಳೆ ನೋಡಿ ಬಿಡುತ್ತಾನೆ. ಕಂಪ್ಯೂಟರಿನಲ್ಲಿ ನೀವು ಒಂದು ಕಡತ ತೆರೆದಾಗಲೆಲ್ಲ ಹೀಗೆಯೇ ತಾಳೆ ನಡೆಯುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ನಡತೆ ಸರಿಕಾಣದವನನ್ನು ತಡೆದು ನಿಲ್ಲಿಸುವುದೂ ಉಂಟು. ಗೇಟಿನಲ್ಲಿ ಒಮ್ಮೆ ತಪಾಸಣೆಯಾದರೆ ಸರಿ. ಆದರೆ ಈತ ಯಂತ್ರದ ಬಳಿ ಒಮ್ಮೆ, ಬುತ್ತಿ ಬಿಚ್ಚುವಾಗ ಒಮ್ಮೆ, ನೀರು ಕುಡಿಯಲು ಹೋದಾಗ ಒಮ್ಮೆ ಜೇಬು ತಡಕುತ್ತಾನೆ. ದೊಡ್ಡ ಹೊಸ ಯಂತ್ರಕ್ಕೆ ಇದು ತಡೆದೀತು. 4 ಜಿ.ಬಿ. ಮೆಮೊರಿ, ಗಿರಗಿರನೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ನಮ್ಮ ಯಂತ್ರಕ್ಕೆ ತಡೆಯದು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಳ್ಳರನ್ನು ಹಿಡಿಯುವ ಕೆಲಸದ ಜೊತೆಗೆ ಈಗ ವಿ.ಪಿ.ಎನ್. ಬಂತು, ಪಾಸ್‌ವರ್ಡಿನ ತಿಜೋರಿ ಬಂತು, ಕಸ ಗುಡಿಸುವ ಸಾಧನ ಬಂತು, ಕೊನೆಗೆ ಕಂಪ್ಯೂಟರನ್ನು ಚುರುಕು ಮಾಡುವ ಸಾಧನವೂ ಬಂತು. ಒಂದೊಂದೂ ಹಿನ್ನೆಲೆಯಲ್ಲಿ ಕೂತು ಮೆಮೊರಿ ತಿನ್ನುತ್ತದೆ. ತಾನೇ ತಂದ ನಿಧಾನಕ್ಕೆ ತಾನೇ ಔಷಧ ಮಾರುವ ಈ ವ್ಯಾಪಾರವನ್ನು ನಮ್ಮ ಪೇಟೆಯಲ್ಲಿ ಯಾರಾದರೂ ಮಾಡಿದ್ದರೆ ಮಾರನೆಯ ದಿನ ಅಂಗಡಿ ತೆರೆಯುತ್ತಿರಲಿಲ್ಲ. ಕಾವಲುಗಾರ ಯಜಮಾನನನ್ನೇ ಕಟ್ಟಿಹಾಕಿದ ಪ್ರಸಂಗವೂ ಉಂಟು. 2010ರ ಏಪ್ರಿಲ್ 21ರಂದು ಮ್ಯಾಕಫೀ ಕಂಪೆನಿ ಕಳುಹಿಸಿದ ಹೊಸ ಪಟ್ಟಿ, ವಿಂಡೋಸ್ ಎಕ್ಸ್‌ಪಿಗೆ ಅತ್ಯವಶ್ಯವಾದ ಕಡತವೊಂದನ್ನೇ ವೈರಸ್ ಎಂದು ಹಿಡಿದು, ಕಂಪ್ಯೂಟರುಗಳು ಆರಿ ಹೊತ್ತಿ, ಆರಿ ಹೊತ್ತಿ ಕೆಲಸಕ್ಕೆ ಬಾರದಂತಾದವು.

ನೀವು ಕರೆಯದಿದ್ದರೂ ಇದು ಒಳಗೆ ಬಂದದ್ದು ಹೇಗೆ? ಹೊಸ ಕಂಪ್ಯೂಟರಿನ ಜೊತೆಗೆ ಕೆಲವು ದಿನದ ಬಿಟ್ಟಿ ರುಚಿಯಾಗಿ ಬರುತ್ತದೆ. ಒಂದು ಕಾಲದಲ್ಲಿ ಅಡೋಬಿಯವರ ಫ್ಲಾಶ್ ಇಳಿಸಿಕೊಳ್ಳಲು ಹೋದವನಿಗೆ, ಮೊದಲೇ ಟಿಕ್ ಹಾಕಿಟ್ಟ ಚೌಕದ ಮೂಲಕ ಮ್ಯಾಕಫೀಯ ಸಾಧನವೂ ಅಂಟಿಕೊಂಡು ಬರುತ್ತಿತ್ತು. ಇನ್ನು ವರ್ಷ ತುಂಬಿದಾಗ ಕೇಳದೆಯೇ ಕಾರ್ಡಿನಿಂದ ಹಣ ಕೀಳುವ ಚಾಳಿ. ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಚಂದಾ ನವೀಕರಿಸಿದರೆಂಬ ದೂರಿನ ಮೇಲೆ 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎದುರು ಸಿಮ್ಯಾಂಟೆಕ್, ಮ್ಯಾಕಫೀ ಎರಡೂ ತಲಾ 3 ಲಕ್ಷ 75 ಸಾವಿರ ಡಾಲರ್ ದಂಡ ತೆತ್ತವು.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇನ್ನು ಮುಂದಿದೆ. 2021ರಲ್ಲಿ ನಾರ್ಟನ್ ಕಂಪೆನಿ ತನ್ನ ಆಂಟಿವೈರಸ್ಸಿನೊಳಗೆ, ಬಿಡುವಿರುವ ಕಂಪ್ಯೂಟರಿನಿಂದ ಈಥರ್ ಎಂಬ ಡಿಜಿಟಲ್ ನಾಣ್ಯ ಗಳಿಸುವ ಏರ್ಪಾಡೊಂದನ್ನು ಸೇರಿಸಿತು. ಗ್ರಾಹಕ ಒಪ್ಪಿದರೆ ಮಾತ್ರ ಅದು ಶುರುವಾಗುತ್ತಿತ್ತು, ಅದನ್ನು ಹೇಳಬೇಕಾದದ್ದು ನ್ಯಾಯ. ಆದರೆ ಯಂತ್ರ ಗ್ರಾಹಕನದು, ಕರೆಂಟಿನ ಬಿಲ್ಲು ಗ್ರಾಹಕನದು. ಬಂದದ್ದರಲ್ಲಿ ನೂರಕ್ಕೆ 15 ಪಾಲು ಕಂಪೆನಿಯದು! ಆ ಯೋಜನೆ ಈಗ ಇಲ್ಲ. ಇದಕ್ಕಿಂತ ಹೇಯವಾದದ್ದು ಅವಾಸ್ಟ್ ಮಾಡಿದ್ದು. ಬಿಟ್ಟಿಯಾಗಿ ಕಾಯುತ್ತೇನೆಂದು ಮನೆಯೊಳಗೆ ಬಂದು, ಮನೆಯವರು ಇಂಟರ್ನೆಟ್ಟಿನಲ್ಲಿ ಏನೇನು ನೋಡಿದರೆಂಬುದನ್ನು ಬರೆದುಕೊಂಡು, ಜಂಪ್‌ಷಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತು. ಯಾರ ರೋಗ, ಯಾರ ಸಾಲ, ಯಾರ ದೇವರು, ಎಲ್ಲವೂ ಅದರಿಂದ ತಿಳಿಯುವಂತಿತ್ತು. 2020ರ ಜನವರಿಯಲ್ಲಿ ಪತ್ರಿಕೆಯವರು ಬಯಲಿಗೆಳೆದ ಮೇಲೆ ಆ ಅಂಗಸಂಸ್ಥೆಗೆ ಬೀಗ ಬಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ತೆರಿಸಿತು. ಕೊಂಡವರು ನೂರಕ್ಕೂ ಹೆಚ್ಚು ಸಂಸ್ಥೆಗಳೆಂದು ಕಮಿಷನ್ನಿನ ದೂರಿನಲ್ಲೇ ಇದೆ.

ಒಂದು ಕೆಟ್ಟರೆ ಇನ್ನೊಂದು ಕೊಂಡರಾಯಿತು ಎನ್ನುತ್ತೀರಾ? 2016ರಲ್ಲಿ ಅವಾಸ್ಟ್, ಎ.ವಿ.ಜಿ.ಯನ್ನು ಕೊಂಡಿತು. ನಾರ್ಟನ್ನಿನ ಒಡೆಯರು ಅವಿರಾವನ್ನು ಕೊಂಡರು. 2022ರಲ್ಲಿ ನಾರ್ಟನ್, ಅವಾಸ್ಟ್ ಎರಡೂ ಒಂದಾಗಿ ಜೆನ್ ಡಿಜಿಟಲ್ ಎಂಬ ಹೆಸರು ತಳೆದವು. ನಾಲ್ಕು ಬಣ್ಣದ ನಾಲ್ಕು ಪೆಟ್ಟಿಗೆ, ಒಡೆಯ ಒಬ್ಬನೆ. ಸ್ಪರ್ಧೆಯೆಂಬುದು ಪೆಟ್ಟಿಗೆಯ ಮೇಲಿನ ಚಿತ್ರ.

ಹಾಗಾದರೆ ಬಡವನು ಏನು ಮಾಡಬೇಕು? 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಡಿಫೆಂಡರ್ ಎಂಬ ಕಾವಲು ವಿಂಡೋಸಿನೊಳಗೇ ಇದೆ. ಪ್ರತ್ಯೇಕ ಹಣವಿಲ್ಲ. ಜರ್ಮನಿಯ ಎ.ವಿ.-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಈಚಿನ ವರ್ಷಗಳಲ್ಲಿ ಅದು ಹಣದ ತಂತ್ರಾಂಶಗಳ ಸಾಲಿನಲ್ಲೇ ನಿಂತಿದೆ. ನಾನು ಮೈಕ್ರೋಸಾಫ್ಟಿನ ವಕೀಲನಲ್ಲ. ಅದೂ ಕುಬೇರರ ಕಂಪೆನಿಯೇ, ಅದರ ಡಿಫೆಂಡರೂ ಪೂರ್ತಿ ತಪಾಸಣೆಗೆ ಇಳಿದಾಗ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಆದರೆ ಅದು ಪ್ರತಿ ವರ್ಷ ಚಂದಾ ಕೇಳಲು ಬಾಗಿಲಿಗೆ ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ವಿಂಡೋಸಿನ ಅಪ್‌ಡೇಟು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಕಡತಗಳಿಗೆ ಬೀಗ ಜಡಿದು ಸುಲಿಗೆಗೆ ನಿಂತಾಗ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟು ಮಾರ್ಚ್ ತಿಂಗಳಲ್ಲೇ ಬಂದಿತ್ತು. ಅದನ್ನು ಹಾಕಿಕೊಂಡವರ ಯಂತ್ರಕ್ಕೆ ಆ ಕಿಂಡಿಯಿಂದ ಅದು ನುಗ್ಗಲಾರದಾಗಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಹಳೆಯ ಯಂತ್ರದವರ ಪಾಡು ಕಠಿಣವಾಗಿದೆ. ಅಂಥವರು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಸಿ ನೋಡಬಹುದು. ಮಕ್ಕಳ ಓದಿಗೆ ಸಾಕು. ಟ್ಯಾಲಿ ನಡೆಸುವವರಿಗೆ ತೊಡಕು.

"ಬ್ಯಾಂಕಿನ ವ್ಯವಹಾರವಿದೆ ಮೇಷ್ಟರೆ, ಭಯವಾಗುತ್ತದೆ" ಎಂದು ವರ್ತಕರು ಹೇಳುವುದುಂಟು. ಭಯ ಇರಲಿ, ಆದರೆ ಬಾಗಿಲು ಯಾವುದೆಂದು ತಿಳಿದಿರಲಿ. ಪೊಲೀಸನೆಂದು ವೀಡಿಯೋ ಕರೆಯಲ್ಲಿ ಗದರಿಸುವವನ ಕೈಗೆ ನೀವೇ ಹಣ ಕಳುಹಿಸಿದರೆ, ನೀವೇ ಓ.ಟಿ.ಪಿ. ಓದಿ ಹೇಳಿದರೆ, ಯಾವ ಆಂಟಿವೈರಸ್ ತಡೆಯಬಲ್ಲದು? ಮೋಸವಾದೊಡನೆ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಕೈ ದಾಟುತ್ತದೆ. ಅಂಗಡಿ ಲೆಕ್ಕದ ಒಂದು ನಕಲನ್ನು ಬೇರೆ ಡಿಸ್ಕಿಗೆ ಇಳಿಸಿ, ತಂತಿ ಬಿಚ್ಚಿ ಬೀರುವಿನಲ್ಲಿಡಿ.

ಎರಡು ಆಂಟಿವೈರಸ್ಸನ್ನು ಒಂದೇ ಯಂತ್ರದಲ್ಲಿ ಇಡಬೇಡಿ, ಒಂದರ ಕೈಯನ್ನು ಇನ್ನೊಂದು ಹಿಡಿದೆಳೆಯುತ್ತದೆ. ಹೊರಗಿನದನ್ನು ತೆಗೆದುಹಾಕಿದೊಡನೆ ಡಿಫೆಂಡರ್ ತಾನಾಗಿ ಎದ್ದು ಕೂರುತ್ತದೆ. ಎದ್ದಿದೆಯೇ ಎಂದು ನೋಡಿಕೊಳ್ಳಿ. ಕೆಲವು ಕಂಪೆನಿಗಳದು ಮಾಮೂಲು ರೀತಿಯಲ್ಲಿ ತೆಗೆದರೂ ಬೇರು ಉಳಿಯುತ್ತದೆ, ಕೀಳಲು ಅವರೇ ಬೇರೊಂದು ಸಾಧನ ಕೊಟ್ಟಿದ್ದಾರೆ. ತೆಗೆಯುವ ಮೊದಲು ಕಾರ್ಡಿಗೆ ಕಟ್ಟಿದ ಚಂದಾ ರದ್ದು ಮಾಡಿಸಬೇಕು. ತಂತ್ರಾಂಶ ಹೋದರೂ ಚಂದಾ ಹೋಗುವುದಿಲ್ಲ.

ಈ ಕೆಲಸ ಕೈಲಾಗದವರು ಭಾನುವಾರ ಬೆಳಿಗ್ಗೆ ಸಂಘದ ಕೋಣೆಗೆ ಯಂತ್ರದ ಪೆಟ್ಟಿಗೆಯನ್ನು ತನ್ನಿ. ಮಾನಿಟರು ಹೊತ್ತು ತರುವುದು ಬೇಡ, ಅಲ್ಲೊಂದಿದೆ. ಇಬ್ಬರು ಹುಡುಗರು ಕೂತಿರುತ್ತಾರೆ. ಪಾಸ್‌ವರ್ಡನ್ನು ನೀವೇ ಒತ್ತಬೇಕು. ಆ ಹುಡುಗರಿಗೂ ಹೇಳಬೇಡಿ.