ಕಿವಿಯೊಳಗಿನ ಒಂದು ಹನಿ ನೀರು



ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿದ್ದೀರಲ್ಲ? ತಿರುವಿನ ಮೇಲೆ ತಿರುವು. ಕೈಯಲ್ಲಿ ನಿಂಬೆಹಣ್ಣು. "ನನಗೆ ಪಿತ್ತ ಕಣೇ" ಅಂತೀವಿ. ಆದರೆ ಆ ವಾಂತಿ ಶುರುವಾಗುವುದು ಹೊಟ್ಟೆಯಲ್ಲಿ ಅಲ್ಲ, ಕಿವಿಯಲ್ಲಿ! ನಗಬೇಡಿ, ಹೇಳ್ತೀನಿ.

ಕಿವಿ ಅಂದರೆ ಓಲೆ ಹಾಕುವ ಜಾಗ ಅಷ್ಟೇ ಅಲ್ಲ. ಒಳಗೆ ತಮಟೆ ಇದೆ. ಅದರಾಚೆ, ತಲೆಯ ಮೂಳೆಯೊಳಗೆ, ಒಳಕಿವಿ ಇದೆ. ಅಲ್ಲಿ ಬಳೆಯ ಹಾಗೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅವುಗಳ ತುಂಬ ನೀರು. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳೂ ಇವೆ.

ತುಂಬಿದ ಪಾತ್ರೆಯನ್ನು ಥಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗತ್ತೆ, ನೀರು ಹಿಂದೆ ಉಳಿಯತ್ತೆ. ತಲೆ ತಿರುಗಿಸಿದಾಗ ಕೊಳವೆಯಲ್ಲೂ ಹಾಗೇ. ಕೂದಲು ಬಾಗತ್ತೆ. "ಬಲಕ್ಕೆ ತಿರುಗಿದೆ" ಅಂತ ಮಿದುಳಿಗೆ ಸುದ್ದಿ ಹೋಗತ್ತೆ. ಕಣ್ಣೂ ಕಾಲೂ ಸುದ್ದಿ ಕಳಿಸುತ್ತವೆ. ಎಲ್ಲ ಹೊಂದಿದರೆ ತಲೆ ಮೇಲೆ ಹೊರೆ ಇದ್ದರೂ ತೋಟದ ಜಾರಿನಲ್ಲಿ ಇಳಿಯುತ್ತೇವೆ. ಬಸ್ಸಿನಲ್ಲಿ ಕಿವಿ "ತಿರುಗ್ತಾ ಇದೀವಿ" ಅನ್ನತ್ತೆ. ಎದುರಿನ ಸೀಟು ನೋಡುವ ಕಣ್ಣು "ಇಲ್ಲ" ಅನ್ನತ್ತೆ. ಅದೇ ಜಗಳ. ಮುಂದೆ ಕೂತು ದೂರದ ರಸ್ತೆ ನೋಡಿದರೆ ಸಂಕಟ ಕಡಿಮೆ.

ಈ ನೀರು ಎರಡು ಬಗೆ. ಹೊರಗಿನ ನೀರಿನಲ್ಲಿ ಅಡುಗೆ ಉಪ್ಪಿನ ಅಂಶ ಹೆಚ್ಚು. ಅದರ ನಡುವೆ ತೆಳುವಾದ ಚೀಲ. ಚೀಲದೊಳಗಿನ ನೀರಿನಲ್ಲಿ ಎಳನೀರಿನಲ್ಲಿರುವ ಉಪ್ಪು ಹೆಚ್ಚು. ಅದರ ಹೆಸರು ಪೊಟ್ಯಾಸಿಯಂ. ಈ ಒಳನೀರು ಸುಮಾರು ಒಂದು ಹನಿ, ಅಷ್ಟೇ. ಚೀಲದ ಗೋಡೆಯ ಜೀವಕೋಶಗಳು ಹಗಲೂ ರಾತ್ರಿ ಈ ಉಪ್ಪನ್ನು ಒಳಗೆ ತಳ್ಳುತ್ತವೆ. ಮಾವಿನ ಮಿಡಿಗೆ ಉಪ್ಪು ಹಾಕಿದರೆ ಅದು ನೀರು ಬಿಡತ್ತಲ್ಲ? ಉಪ್ಪು ಇದ್ದ ಕಡೆಗೆ ನೀರು ಹೋಗತ್ತೆ. ಇಲ್ಲೂ ಹಾಗೇ. ಹೆಚ್ಚಾದ ನೀರನ್ನು ಹೀರಲು ತುದಿಯಲ್ಲಿ ಒಂದು ಪುಟ್ಟ ಸಂಚಿ ಇದೆ. ಕೆರೆಗೆ ಕೋಡಿ ಇದ್ದಂತೆ.

ಕೋಡಿ ಕಟ್ಟಿಕೊಂಡರೆ ಏನಾಗತ್ತೆ? ನಮ್ಮ ಚಿಕ್ಕಮ್ಮನ ಕತೆ ಕೇಳಿ.

ಅವರು ಕಳಸದ ಹತ್ತಿರ ತೋಟದ ಕೆಲಸದವರು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಒಂದು ದಿನ ಗಿಡ ಹಿಡಿದು ಕೂತುಬಿಟ್ಟರು. ಭೂಮಿಯೇ ತಿರುಗಿತಂತೆ. ಎಡ ಕಿವಿ ಗುಂಯ್ ಅಂತು, ಕಟ್ಟಿಕೊಂಡಿತು. ಎರಡು ಗಂಟೆ ವಾಂತಿ. ಆಮೇಲೆ ಎದ್ದು ನಡೆದರು. ಹತ್ತು ದಿನಕ್ಕೆ ಮತ್ತೆ ಅದೇ. ಒಬ್ಬರು ಗಾಳಿ ಸೋಕಿದೆ ಅಂದರು. ಒಬ್ಬರು ಕೆಲಸಗಳ್ಳಿ ಅಂದರು. ಈ ಎರಡನೇ ಮಾತಿಗೆ ಚಿಕ್ಕಮ್ಮ ಅತ್ತಿದ್ದು ನನಗೆ ನೆನಪಿದೆ. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದೂ ಆಯಿತು. ತಮಟೆ ಅಡ್ಡ ಇರುವಾಗ ಎಣ್ಣೆ ಅಲ್ಲಿಗೆ ಹೋಗುವುದು ಹೇಗೆ?

ಚೀಲದಲ್ಲಿ ನೀರು ಹೆಚ್ಚಿ ಉಬ್ಬುವ ಈ ಕಾಯಿಲೆಗೆ ಮೆನಿಯೆರ್ ಕಾಯಿಲೆ ಅಂತ ಹೆಸರು. ಅದು ಪ್ಯಾರಿಸ್ಸಿನ ಒಬ್ಬ ಡಾಕ್ಟರ ಹೆಸರು. ಇಂಥ ತಲೆಸುತ್ತು ಮಿದುಳಿನ ರೋಗ ಅಂತ ಆಗಿನವರು ನಂಬಿದ್ದರು. ಅಲ್ಲ, ಒಳಕಿವಿಯಿಂದ ಬರತ್ತೆ ಅಂತ ಅವರು 1861ರಲ್ಲಿ ಹೇಳಿದರು.

ಎಲ್ಲ ತಲೆಸುತ್ತೂ ಇದೇ ಅಲ್ಲ. ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ ರಕ್ತ ಕಡಿಮೆ ಇರಬಹುದು, ಬಿ.ಪಿ. ಇಳಿದಿರಬಹುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ಗಿರ್ರನೆ ಸುತ್ತಿದರೆ, ಒಳಕಿವಿಯ ಸುಣ್ಣದ ಹರಳು ಜಾಗ ತಪ್ಪಿರಬಹುದು. ಡಾಕ್ಟರು ತಲೆಯನ್ನು ಕ್ರಮವಾಗಿ ವಾಲಿಸಿ ಅದನ್ನು ಸರಿಪಡಿಸುತ್ತಾರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ಕಾಯಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ.

ಚಿಕ್ಕಮ್ಮನಿಗೆ ಕಿವಿ-ಮೂಗು-ಗಂಟಲಿನ ಡಾಕ್ಟರು ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ ಅಂದರು. ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಲ್ಲ ಕಡಿಮೆಯಾಯಿತು. ಮೊದಲಿನಷ್ಟು ಸಲ ಈಗ ಬರುವುದಿಲ್ಲ. ಪೂರ್ತಿ ಹೋಗಿಯೂ ಇಲ್ಲ. ಸುತ್ತು ಬಂದ ದಿನ ಬಾವಿಕಟ್ಟೆ, ಏಣಿ, ಒಲೆಯ ಹತ್ತಿರ ಹೋಗುವುದಿಲ್ಲ.

ಇನ್ನೊಂದು ಮಾತು. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಬರೆದಿಡಿ ಅಂತ ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಆಗ ತಾನೇ ಅಕ್ಷರ ಕಲಿತಿದ್ದರು. ಅವರ ಪುಸ್ತಕದ ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಹೀಗಿದೆ: "ಸೋಮವಾರ. ಬೆಳಿಗ್ಗೆ 10. ಎಡ ಕಿವಿ. 2 ಗಂಟೆ. ಯಾರೂ ಬಯ್ಯಲಿಲ್ಲ."