ನಮ್ಮ ಲಿನಕ್ಸ್ ಶಿಬಿರ: ಒಂದು ಅರಿಕೆ

(೨೦೨೫ರ ರಾಜ್ಯೋತ್ಸವ ಸಭೆಯಲ್ಲಿ ಸಂಘದ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಈಗಾಗಲೇ ಮಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಅದಕ್ಕಿಂತ ಸಣ್ಣ ಕೆಲಸ. ಮುಂಬಯಿಯ ಈ ಉಪನಗರದಲ್ಲಿ, ಇದೇ ಸಭಾಗೃಹದಲ್ಲಿ, ನಾವು ಏಳು ಜನ ಸೇರಿ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡುವ ಎರಡು ಶಿಬಿರಗಳನ್ನು ಈ ವರ್ಷ ನಡೆಸಿದೆವು. ಅವುಗಳ ಲೆಕ್ಕವನ್ನು ತಮ್ಮ ಮುಂದೆ ಒಪ್ಪಿಸಬೇಕು. ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುತ್ತಿರುವವರು. ಲೆಕ್ಕವೆಂದ ಮೇಲೆ ಜಮೆಯ ಜತೆಗೆ ಖರ್ಚನ್ನೂ ಬರೆಯಬೇಕೆಂಬುದು ನಮಗೆ ಕಲಿಸಿರುವ ಪಾಠ. ಆದುದರಿಂದ ಆದ ಕೆಲಸದೊಡನೆ ನಮ್ಮಿಂದಾದ ತಪ್ಪನ್ನೂ ಮುಚ್ಚಿಡದೆ ಹೇಳಿಬಿಡುತ್ತೇವೆ.

ಈ ಶಿಬಿರ ಏಕೆ ಬೇಕಾಯಿತೆಂಬುದನ್ನು ಮೊದಲು ಅರಿಕೆ ಮಾಡಬೇಕು. ನಮ್ಮಲ್ಲಿ ಅನೇಕರ ಮನೆಗಳಲ್ಲಿರುವ ಕಂಪ್ಯೂಟರುಗಳು ವಿಂಡೋಸ್ ೧೦ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸುವುದಾಗಿ ಮೊದಲೇ ಸಾರಿತ್ತು, ಹಾಗೆಯೇ ನಿಲ್ಲಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ೨೦೨೬ರ ಅಕ್ಟೋಬರ್‌ವರೆಗೆ ರಕ್ಷಣೆಯ ತಿದ್ದುಪಡಿಗಳನ್ನು ಪಡೆಯಬಹುದೆಂಬ ಏರ್ಪಾಟನ್ನೂ ಪ್ರಕಟಿಸಿತು. ಆದರೆ ಅದು ವಾಯಿದೆಯೇ ಹೊರತು ಪರಿಹಾರವಲ್ಲ. ಮುಂದಿನ ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಭದ್ರತೆಯ ಅಂಗವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಬೇಕು. ಏಳೆಂಟು ವರ್ಷಕ್ಕೆ ಮೀರಿದ ಯಂತ್ರಗಳು ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಯಂತ್ರದ ಕೀಲಿಮಣೆ ಸರಿಯಾಗಿದೆ, ಪರದೆ ಸರಿಯಾಗಿದೆ, ಮಕ್ಕಳ ಪಾಠ ನಡೆಯುತ್ತಿದೆ. ಆದರೂ ಅದನ್ನು ಹಳೇ ಸಾಮಾನಿನವನಿಗೆ ಹಾಕಬೇಕೆಂದರೆ ಮಧ್ಯಮ ವರ್ಗದ ಮನಸ್ಸು ಹೇಗೆ ಒಪ್ಪೀತು? ನಮ್ಮ ಮನೆಗಳಲ್ಲಿ ಹಳೆಯ ಸೀರೆಯೂ ಕೌದಿಯಾಗಿ ಇನ್ನೊಂದು ತಲೆಮಾರು ಬಾಳುತ್ತದೆಯಷ್ಟೆ.

ಹಾಗೆ ಬಾಳಿಸುವ ಉಪಾಯವೇ ಲಿನಕ್ಸ್. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಕಂಪ್ಯೂಟರಿನ ವ್ಯವಸ್ಥೆಯ ತಿರುಳನ್ನು ತಾನೇ ಬರೆದು, ಬೇಕಾದವರು ನೋಡಿ, ತಿದ್ದಿ, ಹಂಚಬಹುದೆಂದು ಹೊರಗಿಟ್ಟ. ಅದಕ್ಕೂ ಮೊದಲು, ೧೯೮೩ರಲ್ಲಿ, ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಎಂಬ ಯೋಜನೆಯನ್ನು ಸಾರಿ ಇದೇ ಹಾದಿಯನ್ನು ತೆರೆದಿದ್ದರು. ಎರಡೂ ಕೂಡಿಕೊಂಡವು. ಇಂದು ಜಗತ್ತಿನಾದ್ಯಂತ ಸಾವಿರಾರು ಜನ, ಸಂಬಳಕ್ಕಾಗಿ ಕೆಲವರು, ಸಂತೋಷಕ್ಕಾಗಿ ಕೆಲವರು, ಅದನ್ನು ಬೆಳೆಸುತ್ತಿದ್ದಾರೆ. ನಮ್ಮ ಊರುಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಎಂಬ ಪದ್ಧತಿಯಿರುವುದನ್ನು ಹಿರಿಯರು ಬಲ್ಲರು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಲಿನಕ್ಸಿನ ಹಿಂದಿರುವ ತತ್ತ್ವ ಅದಕ್ಕೆ ದೂರವಾದುದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಮುಂಬಯಿ ಕನ್ನಡಿಗರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಉತ್ಸಾಹದಿಂದ ೨೦೨೫ರ ಜೂನ್ ತಿಂಗಳ ಒಂದು ಭಾನುವಾರ ಮೊದಲ ಶಿಬಿರವನ್ನು ಕರೆದೆವು. ಹದಿನಾಲ್ಕು ಯಂತ್ರಗಳು ಬಂದವು. ನಾವು ಮಾಡಿಕೊಂಡಿದ್ದ ಸಿದ್ಧತೆಯೆಂದರೆ ಲಿನಕ್ಸ್ ಮಿಂಟ್ ತುಂಬಿದ ನಾಲ್ಕು ಪೆನ್‌ಡ್ರೈವುಗಳು, ಎರಡು ಎಕ್ಸ್‌ಟೆನ್ಷನ್ ಬೋರ್ಡುಗಳು ಮತ್ತು ಚಹದ ದೊಡ್ಡ ಥರ್ಮಾಸು. ಮೂರರಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಮಾಡಿದ್ದು ಥರ್ಮಾಸು ಒಂದೇ. ಎಲ್ಲ ಯಂತ್ರಗಳನ್ನೂ ಒಂದೇ ಗೋಡೆಯ ಕಡೆಗೆ ಸೇರಿಸಿದ್ದರಿಂದ ಹನ್ನೊಂದು ಗಂಟೆಗೆ ಫ್ಯೂಸು ಹಾರಿತು. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಲು ಒಂದಕ್ಕೆ ಎಫ್೧೨, ಇನ್ನೊಂದಕ್ಕೆ ಎಫ್೯, ಮತ್ತೊಂದಕ್ಕೆ ಎಸ್ಕೇಪ್ ಗುಂಡಿಯನ್ನು ಒತ್ತಬೇಕು. ಅದನ್ನು ಹುಡುಕುವುದರಲ್ಲಿಯೇ ಹೊತ್ತು ಹೋಯಿತು. ಎರಡು ಯಂತ್ರಗಳಲ್ಲಿ ಲಿನಕ್ಸ್ ಬಂದಿತು, ವೈಫೈ ಬರಲಿಲ್ಲ. ಆಮೇಲೆ ಕಾಲೇಜಿನ ಹುಡುಗನೊಬ್ಬ ತನ್ನ ಮೊಬೈಲನ್ನು ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಅದರ ಮೂಲಕ ಬೇಕಾದ ಡ್ರೈವರನ್ನು ಇಳಿಸಿಕೊಂಡು ನಮ್ಮ ಮಾನ ಉಳಿಸಿದ. ಸಂಜೆಯ ಹೊತ್ತಿಗೆ ಹನ್ನೆರಡು ಯಂತ್ರಗಳು ಸಿದ್ಧವಾದವು. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು.

ಆ ಫೋಟೋವನ್ನು ಈಗ ನೋಡಿದರೆ ನಮಗೆ ತಲೆ ತಗ್ಗಿಸುವಂತಾಗುತ್ತದೆ. ಅದರ ಕಾರಣವನ್ನು ಹೇಳುವುದಕ್ಕಾಗಿಯೇ ಇಂದು ಇಲ್ಲಿ ನಿಂತಿದ್ದೇವೆ.

ಆ ದಿನ ಗದಗಿನ ಕಡೆಯ ಹಿರಿಯ ತಾಯಿಯೊಬ್ಬರು ತಮ್ಮ ದಿವಂಗತ ಪತಿಯ ಲ್ಯಾಪ್‌ಟಾಪನ್ನು ತಂದಿದ್ದರು. “ಅದರಾಗ ಅಂಥಾದ್ದೇನಿಲ್ರೀ, ಮೊಮ್ಮಗಗ ಓದ್ಲಿಕ್ಕೆ ಆದ್ರ ಸಾಕು” ಎಂದರು. ನಾವು ಪರದೆಯ ಮೇಲಿದ್ದ ಕಡತಗಳನ್ನೂ ಡಾಕ್ಯುಮೆಂಟ್ಸ್ ಎಂಬ ಜಾಗದಲ್ಲಿದ್ದವನ್ನೂ ಪ್ರತಿ ತೆಗೆದುಕೊಂಡು, ಡಿಸ್ಕನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕುವ ಆಯ್ಕೆಯನ್ನು ಒತ್ತಿದೆವು. ಎರಡು ವಾರ ಕಳೆದ ಮೇಲೆ ಅವರು ಮೊಮ್ಮಗನ ಕೈಹಿಡಿದು ಬಂದರು. “ನಮ್ಮನಿಯವರು ಬರದದ್ದೆಲ್ಲಾ ಡಿ ಒಳಗ ಇಟ್ಟಿದ್ರಲ್ರೀ, ಅದೆಲ್ಲಿ ಹೋತು?” ಎಂದು ಕೇಳಿದರು.

ನಮ್ಮ ದೇಶದಲ್ಲಿ ಕಂಪ್ಯೂಟರು ಮಾರುವವರು ಒಂದೇ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿಕೊಡುವುದೂ, “ಮುಖ್ಯವಾದದ್ದನ್ನು ಡಿ ಒಳಗಿಡಿ, ಭದ್ರವಾಗಿರುತ್ತದೆ” ಎಂದು ಹೇಳುವುದೂ ರೂಢಿ. ಆ ಹಿರಿಯರು ಹೇಳಿದಂತೆಯೇ ನಡೆದುಕೊಂಡಿದ್ದರು. ನಿವೃತ್ತಿಯ ನಂತರ ಬೆಟಗೇರಿಯ ನೇಕಾರರ ಓಣಿಯ ನೆನಪುಗಳನ್ನೂ, ತಾಯಿಯಿಂದ ಕೇಳಿದ ಹಾಡುಗಳನ್ನೂ ಹಲವು ವರ್ಷ ಟೈಪು ಮಾಡಿ ಅಲ್ಲಿಟ್ಟಿದ್ದರು. ನಾವು ಆ ಭಾಗವನ್ನು ತೆರೆದು ನೋಡಲೇ ಇಲ್ಲ. ಅವರು ಭದ್ರವಾಗಿಟ್ಟದ್ದನ್ನು ನಾವು ಒಂದು ಗುಂಡಿಯನ್ನೊತ್ತಿ ಅಳಿಸಿದ್ದೆವು. ಆ ತಾಯಿ ನಮ್ಮನ್ನು ಬಯ್ಯಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಯಂತ್ರವನ್ನು ಒಡನೆ ನಿಲ್ಲಿಸಿ ಡಿಸ್ಕನ್ನು ಹೊರತೆಗೆದೆವು. ಅಳಿಸಿದ ಕಡತದ ವಿವರ ಹೋದರೂ, ಅದರ ಮೇಲೆ ಹೊಸದನ್ನು ಬರೆಯುವವರೆಗೆ ಒಳಗಿನದು ಹಳೆಯ ಡಿಸ್ಕಿನಲ್ಲಿ ಉಳಿದಿರುವುದುಂಟು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಅದನ್ನು ಹೆಕ್ಕಿಕೊಡುತ್ತದೆ. ಒಂದು ರಾತ್ರಿಯೆಲ್ಲ ಅದು ನಡೆಯಿತು. ಬೆಳಿಗ್ಗೆ ನೋಡಿದರೆ ಹೆಸರಿಲ್ಲದ, ಬರಿಯ ಅಂಕಿಗಳನ್ನು ಹೊತ್ತ ಸಾವಿರಾರು ಕಡತಗಳು. ಮದುವೆ ಮುಂಜಿಗಳ ಚಿತ್ರಗಳು ಬಹಳಷ್ಟು ಸಿಕ್ಕವು. ಬರಹಗಳನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಗೀಟು ಚುಕ್ಕೆಗಳನ್ನು ತಲೆಯ ಮೇಲೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲವೂ ಕೆಟ್ಟುಹೋಗಿದೆಯೆಂದು ಬಗೆದು ಅವನ್ನು ಎಸೆಯುವುದರಲ್ಲಿದ್ದೆವು.

ಅಷ್ಟರಲ್ಲಿ, ಹಿಂದೆ ಇದೇ ಸ್ಮರಣ ಸಂಚಿಕೆಯ ಅಕ್ಷರಜೋಡಣೆ ಮಾಡುತ್ತಿದ್ದ ಹಿರಿಯರೊಬ್ಬರು ಬಂದರು. ಕನ್ನಡಕವನ್ನು ಮೇಲೆತ್ತಿ ಪರದೆಯನ್ನು ನೋಡಿ ನಕ್ಕರು. “ಇದು ಕೆಟ್ಟಿಲ್ಲ, ಇದು ನುಡಿ. ಪಿ ಅಕ್ಷರದ ಪಕ್ಕದಲ್ಲಿ ಗೀಟು ಹೊತ್ತ ಎ ಇದ್ದರೆ ‘ಕ’. ಈ ಪೌಂಡಿನ ಗುರುತು ಬಂದರೆ ‘ನ’. ನೀವು ಬ್ಯಾಂಕಿನವರು, ಪೌಂಡನ್ನು ಗುರುತು ಹಿಡಿಯಬೇಡವೆ?” ಎಂದರು.

ವಿಷಯವೇನೆಂದರೆ, ಹಿಂದಿನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಟೈಪು ಮಾಡಿದ ಎಷ್ಟೋ ಬರಹಗಳಲ್ಲಿ ಒಳಗಿರುವ ಸಂಕೇತಗಳು ಇಂಗ್ಲಿಷಿನವು. ಮೇಲಿನ ಫಾಂಟು ಮಾತ್ರ ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಈಗಿನ ಯುನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿರುವುದರಿಂದ ಆ ತೊಂದರೆಯಿಲ್ಲ. ಹಳೆಯದನ್ನು ಹೊಸದಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಒಂದೊಂದಾಗಿ ಪರಿವರ್ತಿಸುತ್ತ ಹೋದೆವು. ಮಗ್ಗದ ಸದ್ದು, ಓಣಿಯ ಹೆಸರುಗಳು, ಅರ್ಧಕ್ಕೆ ನಿಂತ ಒಂದು ಹಾಡು, ಹೀಗೆ ಪರದೆಯ ಮೇಲೆ ಮೂಡತೊಡಗಿದವು. ಅವರು ಬರೆದಿದ್ದರಲ್ಲಿ ಅರ್ಧದಷ್ಟು ಸಿಕ್ಕಿರಬಹುದು. ಹಿಂದಿನ ಸಂಚಿಕೆಗಳಲ್ಲಿ ಅಚ್ಚಾಗಿದ್ದ ಅವರ ಮೂರು ಲೇಖನಗಳನ್ನು ನಮ್ಮವರು ಮತ್ತೆ ಟೈಪು ಮಾಡಿ ಜತೆಗೆ ಸೇರಿಸಿದರು. ಉಳಿದದ್ದು ಹೋಯಿತು. ಹೋದದ್ದು ನಮ್ಮಿಂದ ಹೋಯಿತು.

ಬ್ಯಾಂಕಿನಲ್ಲಿ ಒಬ್ಬ ಗುಮಾಸ್ತ ಬರೆದ ವೋಚರನ್ನು ಇನ್ನೊಬ್ಬರು ನೋಡಿ ಪಾಸು ಮಾಡದ ಹೊರತು ಸಾಮಾನ್ಯವಾಗಿ ಹಣ ಅಲುಗುವುದಿಲ್ಲ. ಪರರ ಹಣದ ವಿಷಯದಲ್ಲಿ ಹಗಲೆಲ್ಲ ಪಾಲಿಸುವ ಈ ನಿಯಮವನ್ನು ಪರರ ನೆನಪಿನ ವಿಷಯದಲ್ಲಿ ನಾವು ಮರೆತಿದ್ದೆವು. ಆದುದರಿಂದ ಎರಡನೆಯ ಶಿಬಿರವನ್ನು ಬೇರೆ ರೀತಿಯಲ್ಲಿ ಏರ್ಪಡಿಸಿದೆವು. ಬೇರೆ ಊರುಗಳ ಸಂಘದವರೂ ಇಂಥದನ್ನು ಮಾಡಬಹುದಾದ್ದರಿಂದ ಅದರ ಕ್ರಮವನ್ನು ಹೇಳುತ್ತೇವೆ.

೨೦೨೫ರ ಅಕ್ಟೋಬರಿನಲ್ಲಿ, ದೀಪಾವಳಿ ಮುಗಿದ ಭಾನುವಾರ, ನಾಲ್ಕು ಮೇಜುಗಳನ್ನು ಹಾಕಿದೆವು. ಮೊದಲನೆಯದು ಮಾತಿನ ಮೇಜು. ಅಲ್ಲಿ ಯಂತ್ರವನ್ನು ಮುಟ್ಟುವುದಿಲ್ಲ. ಮನೆಯವರನ್ನು ಕೂಡಿಸಿ ಅದನ್ನು ಯಾರು ಬಳಸುತ್ತಾರೆ, ಯಾತಕ್ಕೆ ಬಳಸುತ್ತಾರೆ, ಯಾವ ಪ್ರಿಂಟರಿದೆ ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯುವುದು. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು ಬಂದಿದ್ದರು. ಟ್ಯಾಲಿ ನೇರವಾಗಿ ಲಿನಕ್ಸಿನಲ್ಲಿ ನಡೆಯುವುದಿಲ್ಲ, ಬದಲಾಯಿಸಬೇಡಿ ಎಂದು ಹೇಳಿ ಕಳುಹಿದೆವು. ಬೇಡವೆಂದು ಹೇಳುವುದೂ ಸೇವೆಯೇ.

ಎರಡನೆಯದು ಪ್ರತಿಯ ಮೇಜು. ಸಿ, ಡಿ, ಇ ಎಲ್ಲವನ್ನೂ ತೆರೆದು ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು, ಅದರಿಂದ ನಾಲ್ಕಾರು ಕಡತಗಳನ್ನು ಮನೆಯವರ ಕಣ್ಣೆದುರಿಗೇ ತೆರೆದು ತೋರಿಸುವುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಕೀಲಿಸಂಖ್ಯೆ ಸಿಗುವ ತನಕ ಮುಂದುವರಿಯುವಂತಿಲ್ಲ. ಮೂರನೆಯದು ಪರೀಕ್ಷೆಯ ಮೇಜು. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರುಗಳನ್ನು ನೋಡುವುದು. ನಾಲ್ಕನೆಯದು ಸ್ಥಾಪನೆಯ ಮೇಜು. ರಿಜಿಸ್ಟರಿನಲ್ಲಿ ಯಂತ್ರದ ಒಡೆಯರದೊಂದು, ಪ್ರತಿ ತೆಗೆದವರನ್ನು ಬಿಟ್ಟು ಇನ್ನೊಬ್ಬ ಸ್ವಯಂಸೇವಕರದೊಂದು, ಹೀಗೆ ಎರಡು ಸಹಿಗಳಿಲ್ಲದೆ ಅಲ್ಲಿ ಯಾರೂ ಅಳಿಸುವ ಗುಂಡಿಯನ್ನು ಒತ್ತುವಂತಿಲ್ಲ.

ಆ ದಿನ ಹತ್ತೊಂಬತ್ತು ಯಂತ್ರಗಳು ಬಂದವು. ಹನ್ನೊಂದಕ್ಕೆ ಲಿನಕ್ಸ್ ಮಿಂಟ್ ೨೨ನ್ನು ಹಾಕಿದೆವು. ಅದಕ್ಕೆ ೨೦೨೯ರವರೆಗೆ ತಿದ್ದುಪಡಿಗಳು ಬರುತ್ತವೆ. ಮೂರು ಯಂತ್ರಗಳು ವಿಂಡೋಸ್ ೧೧ಕ್ಕೇ ಯೋಗ್ಯವಾಗಿದ್ದುದರಿಂದ ಹಾಗೆಯೇ ಹೇಳಿದೆವು. ಐದನ್ನು ಬೇರೆ ಬೇರೆ ಕಾರಣಗಳಿಂದ ಮುಟ್ಟದೆ ಕಳುಹಿದೆವು. ಒಟ್ಟು ಹತ್ತೊಂಬತ್ತು, ಲೆಕ್ಕ ಹೊಂದುತ್ತದೆ. ಮೊದಲ ಸಲಕ್ಕಿಂತ ಕಡಿಮೆ ಯಂತ್ರಗಳು ಸಿದ್ಧವಾದವು, ಆದರೆ ರಾತ್ರಿ ನಮಗೆಲ್ಲರಿಗೂ ನಿದ್ದೆ ಬಂದಿತು.

ಪ್ರತಿಯೊಂದು ಯಂತ್ರಕ್ಕೂ ಕನ್ನಡ ಫಾಂಟುಗಳನ್ನೂ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹತ್ತಿರವಾಗುವ ಕಗಪ ಕೀಲಿಮಣೆಯ ವಿನ್ಯಾಸವನ್ನೂ ಹಾಕಿಕೊಟ್ಟೆವು. ಇಂಗ್ಲಿಷ್ ಶಾಲೆಗೆ ಹೋಗುವ ಬಾಲಕಿಯೊಬ್ಬಳು ತನ್ನ ಹೆಸರನ್ನು ಕನ್ನಡದಲ್ಲಿ ಒತ್ತಿ, ಅದು ಮೂಡಿದ ಮೇಲೆ ಅಜ್ಜನನ್ನು ಕರೆದು ತೋರಿಸಿದಳು. ಮನೆಯಲ್ಲಿ ಕನ್ನಡ ಮಾತನಾಡಿ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನಾಡಿ, ಶಾಲೆಯಲ್ಲಿ ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಎದುರಾಗುವ ಜಾಗಗಳು ಕಡಿಮೆ. ಮನೆಯ ಕಂಪ್ಯೂಟರು ಅಂಥ ಒಂದು ಜಾಗವಾಗಲಿ.

ಇನ್ನೊಂದು ಮಾತು. ಯಂತ್ರಕ್ಕೆ ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದು ಮನೆಗೆ ಹೋದ ಮೇಲೆಯೇ ನಿಜವಾದ ಕೆಲಸ. ಪ್ರಿಂಟರು ನಿಲ್ಲುತ್ತದೆ, ಗುಪ್ತಪದ ಮರೆತುಹೋಗುತ್ತದೆ, “ಮೊದಲಿನಂತೆ ಇಲ್ಲ” ಎಂಬ ಬೇಸರ ಹುಟ್ಟುತ್ತದೆ. ಆಗ ಕೇಳುವುದಕ್ಕೆ ಒಬ್ಬರಿಲ್ಲದಿದ್ದರೆ ಯಂತ್ರ ಅಟ್ಟ ಸೇರುತ್ತದೆ. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ಎರಡು ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ನಮ್ಮಲ್ಲಿ ಇಬ್ಬರಾದರೂ ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಯಾವ ಪ್ರಶ್ನೆಯೂ ಸಣ್ಣದಲ್ಲ, ಸಂಕೋಚಪಡದೆ ಬನ್ನಿ.

ಕೊನೆಯದಾಗಿ ತಮ್ಮಲ್ಲಿ ಒಂದು ಬೇಡಿಕೆ. ಇಂದು ಮನೆಗೆ ಹೋದ ಮೇಲೆ ಹಳೆಯ ಕಂಪ್ಯೂಟರನ್ನು ಒಮ್ಮೆ ತೆರೆದು ನೋಡಿ. ತಂದೆ ಬರೆದಿಟ್ಟದ್ದು, ತಾಯಿಯ ಅಡುಗೆಯ ಟಿಪ್ಪಣಿ, ಊರಿನ ಜಾತ್ರೆಯ ಚಿತ್ರ, ಏನಿದೆಯೋ ಅದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿ. ಅರ್ಥವಾಗದ ಅಕ್ಷರಗಳು ಕಂಡರೆ ಅಳಿಸಬೇಡಿ, ನಮ್ಮ ಬಳಿಗೆ ತನ್ನಿ. ಅದು ಕನ್ನಡವಿದ್ದೀತು.

ಬೆಟಗೇರಿಯ ಬರಹಗಳಲ್ಲಿ ಸಿಕ್ಕಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ತೆಗೆದು ಆ ತಾಯಿಗೆ ಒಪ್ಪಿಸಿದೆವು. ಅರ್ಧಕ್ಕೆ ನಿಂತಿದ್ದ ಹಾಡಿನ ಹಾಳೆಯನ್ನು ಓದಿ, “ಮುಂದಿಂದು ನನಗ ಬರ್ತದ, ಬರಕೋರಿ” ಎಂದರು. ಮೊಮ್ಮಗ ಅದೇ ಲ್ಯಾಪ್‌ಟಾಪಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಬರೆದುಕೊಳ್ಳುತ್ತಿದ್ದಾನೆ. ಅವರು ಇಂದಿನ ಸಭೆಗೂ ಬಂದಿದ್ದಾರೆ. ಎಲ್ಲರ ಎದುರಿಗೆ ಅವರ ಕ್ಷಮೆಯನ್ನು ಬೇಡಿ, ಈ ಅರಿಕೆಯನ್ನು ಮುಗಿಸುತ್ತೇವೆ.